ಉಪ್ಪುನೀರಿನ ಅಕ್ವೇರಿಯಂಗೆ ಯಾವ ನೀರು?

ಬೆಂಗಳೂರಿನ ನನ್ನ ಅಂಗಡಿಗೆ ಕಡಲ ಮೀನು ಸಾಕುವ ಆಸೆಯಿಂದ ಬರುವವರು ಮೊದಲು ಕೇಳುವುದು ‘ನೀಮೊ’ ಮೀನಿನ ಬೆಲೆ. ನಾನು ಕೇಳುವುದು, ‘ನಿಮ್ಮ ಮನೆ ನೀರಿನ ಟಿಡಿಎಸ್ ಎಷ್ಟು ಸಾರ್?’ ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಒಟ್ಟು ಪ್ರಮಾಣ.

ಬೋರ್‌ವೆಲ್ ನೀರಿಗೆ ಮೀಟರ್ ಅದ್ದಿದರೆ ಅಂಕಿ 500 ದಾಟುವುದು ಅಪರೂಪವೇನಲ್ಲ. ಕಾವೇರಿ ನೀರು ಅಷ್ಟು ಗಡಸಲ್ಲ, ಆದರೆ ಕ್ಲೋರಿನ್ ಇರುತ್ತದೆ. ‘ಹೇಗೂ ಉಪ್ಪು ಸುರಿಯುತ್ತೇವಲ್ಲ, ಇನ್ನಷ್ಟು ಲವಣ ಇದ್ದರೇನು?’ ಎಂದು ವಾದಿಸುವವರುಂಟು. ತಕರಾರು ಜೊತೆಗೆ ಬರುವ ನೈಟ್ರೇಟ್, ಫಾಸ್ಫೇಟ್, ತಾಮ್ರದ್ದು. ಮೊದಲೆರಡು ಪಾಚಿಗೆ ಗೊಬ್ಬರ. ತಾಮ್ರ ಚೂರೇ ಇದ್ದರೂ ಸಿಗಡಿ, ಹವಳಕ್ಕೆ ವಿಷ.

ಅಡುಗೆಮನೆಯ ಆರ್‌ಓ ನೀರು ಸಾಲದೇ? ಸಾಲದು. ಕುಡಿಯಲು ರುಚಿಯಿರಲೆಂದು ಅನೇಕ ಯಂತ್ರಗಳು ಶುದ್ಧ ನೀರಿಗೆ ಮತ್ತೆ ಖನಿಜ ಬೆರೆಸುತ್ತವೆ. ನಮಗೆ ಬೇಕಾದ್ದು ಆರ್‌ಓ ಆದ ಮೇಲೆ ಡಿಐ (ಉಳಿದ ಅಯಾನುಗಳನ್ನು ಹೀರುವ) ರೆಸಿನ್ ತುಂಬಿದ ಕೊಳವೆಯನ್ನೂ ಹಾದು, ಮೀಟರ್‌ನಲ್ಲಿ ಸೊನ್ನೆ ತೋರಿಸುವ ನೀರು. ಬಣ್ಣ ಬದಲಿಸುವ ರೆಸಿನ್ ಕೊಳ್ಳಿ. ಅದರ ಕೆಲಸ ಮುಗಿದದ್ದು ಕಣ್ಣಿಗೇ ಕಾಣುತ್ತದೆ. (ಆರ್‌ಓ ಹೊರಹಾಕುವ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳಿ.)

ಈ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪು ಖಂಡಿತ ಬೇಡ. ಬಕೆಟ್‌ನಲ್ಲೇ ಪೂರ್ತಿ ಕರಗಿಸಿ, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿಗೆ ಬಂದ ಮೇಲೆ ತೊಟ್ಟಿಗೆ ಹಾಕಿ. ಆವಿಯಾದಷ್ಟನ್ನು ಮಾತ್ರ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಇನ್ನು ಮೀನು. ಬ್ಯಾಕ್ಟೀರಿಯ ಬೆಳೆದು ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ದಯವಿಟ್ಟು ಮೀನು ಕೊಳ್ಳಬೇಡಿ, ನನ್ನ ಅಂಗಡಿಯಿಂದಲೂ.