ಹಯಾಬುಸಾ ಉದ್ದ ಆಗೋದು ಹೇಗೆ?

ಸುಝುಕಿ ಹಯಾಬುಸಾ ಬೈಕ್. ಈಗಿನ ಮಾದರಿಯ ವೀಲ್‌ಬೇಸ್ 1480 ಮಿಲಿಮೀಟರ್, ಸೀಟಿನ ಎತ್ತರ 800. ಡ್ರ್ಯಾಗ್ ರೇಸಿಗೆ ಇಳಿಸುವವರು ಇದನ್ನ ಇನ್ನೂ ಉದ್ದ ಮಾಡ್ತಾರೆ, ತಗ್ಗಿಸ್ತಾರೆ. ಯಾಕೆ?

ಥ್ರಾಟಲ್ ಜೋರಾಗಿ ತಿರುವಿದ ಕೂಡಲೇ ಭಾರ ಹಿಂದಕ್ಕೆ ಸರಿಯುತ್ತೆ, ಮುಂದಿನ ಚಕ್ರ ಮೇಲೇಳುತ್ತೆ. ಎದ್ದರೆ ಥ್ರಾಟಲ್ ಇಳಿಸಲೇಬೇಕು, ಸಮಯ ಹೋಯ್ತು. ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ, ಗುರುತ್ವಕೇಂದ್ರ ಕೆಳಗಿಳಿದಷ್ಟೂ ಮುಂದಿನ ಚಕ್ರ ನೆಲ ಬಿಡೋದು ಕಷ್ಟ.

ಅದಕ್ಕೇ ಉದ್ದನೆಯ ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಚಕ್ರವನ್ನ ಫ್ರೇಮಿಗೆ ಜೋಡಿಸುವ ತೋಳು. ಜೊತೆಗೆ ಚೈನ್, ಹಿಂದಿನ ಬ್ರೇಕ್ ಹೋಸ್, ಸೆನ್ಸರ್ ವೈರ್ ಕೂಡ ಉದ್ದ ಆಗಬೇಕು. ಗೆಳೆಯರು ಬೇಕಾಗೋದು ಇಲ್ಲೇ. ಹಿಂದಿನ ಪ್ಯಾಡಕ್ ಸ್ಟ್ಯಾಂಡ್ ಬೈಕನ್ನ ಎತ್ತೋದು ಸ್ವಿಂಗ್‌ಆರ್ಮ್ ಹಿಡಿದು, ನಾವು ಬಿಚ್ಚೋದೂ ಅದನ್ನೇ. ಹಾಗಾಗಿ ಫ್ರೇಮಿಗೆ ಬೆಲ್ಟ್ ಬಿಗಿದು ಮೇಲಿಂದ ತೂಗುಹಾಕಬೇಕು. 260 ಕೆಜಿ ದಾಟಿದ ಬೈಕನ್ನ ಇಬ್ಬರು ಅಲುಗದ ಹಾಗೆ ಹಿಡಿದರೆ, ಇನ್ನೊಬ್ಬರು ಪಿವೋಟ್ ಬೋಲ್ಟ್ ಎಳೀಬಹುದು. ದಯವಿಟ್ಟು ಒಬ್ಬರೇ ಕೈಹಾಕಬೇಡಿ.

ಎತ್ತರ ತಗ್ಗಿಸೋಕೆ ಹಿಂದೆ ಲೋವರಿಂಗ್ ಲಿಂಕ್, ಮುಂದೆ ಫೋರ್ಕ್ ಟ್ಯೂಬನ್ನ ಕ್ಲ್ಯಾಂಪಿನಲ್ಲಿ ಮೇಲಕ್ಕೆ ಜಾರಿಸೋದು. ಹಿಂದೆ ಮಾತ್ರ ಇಳಿಸಿದರೆ ಬೈಕ್ ತಿರುಗೋದು ಮಂದವಾಗುತ್ತೆ. ಸೈಡ್ ಸ್ಟ್ಯಾಂಡೂ ಗಿಡ್ಡ ಮಾಡಿಸಿ, ಇಲ್ಲದಿದ್ದರೆ ಬೈಕ್ ನೆಟ್ಟಗೆ ನಿಂತು ಆಚೆಗೆ ಉರುಳುತ್ತೆ.

ಇಂಥ ಬೈಕ್ ನೇರ ಟ್ರ್ಯಾಕಿಗಷ್ಟೇ ಸರಿ, ತಿರುವಿನಲ್ಲಿ ವಾಲಿಸಿದರೆ ತಳ ನೆಲಕ್ಕೆ ಉಜ್ಜುತ್ತೆ. ನಮ್ಮ ಆರ್‌ಸಿಯಲ್ಲಿ ವೀಲ್‌ಬೇಸ್ ನಮೂದಾಗಿರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಆ ವಿವರಕ್ಕೆ ಹೊಂದದ ಹಾಗೆ ಮಾರ್ಪಾಡು ಮಾಡುವಂತಿಲ್ಲ. ಹಾಗಾಗಿ ರಸ್ತೆಗೆ ಬೇರೆ ಬೈಕ್ ಇಟ್ಟುಕೊಳ್ಳಿ. ಇದು ಟ್ರ್ಯಾಕಿಗೆ ಹೋಗೋದೂ ಟ್ರೇಲರಿನಲ್ಲೇ.