ನಿಮಗಿದು ಗೊತ್ತೆ? ವಿಸ್ಕಿಯ ಬೆಲೆಗೆ ವಯಸ್ಸೊಂದೇ ಅಳತೆಯಲ್ಲ

ಮದ್ಯದಂಗಡಿಯಲ್ಲಿ ಸಂಗ್ರಹಕ್ಕೆಂದು ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಕಟ್ಟಿದ ಬಾರ್ಲಿಯಿಂದಷ್ಟೇ ತಯಾರಾದ ವಿಸ್ಕಿ, ಕೊಳ್ಳುವವರು ಲೇಬಲ್ಲಿನ ವಯಸ್ಸನ್ನಷ್ಟೇ ನಂಬಿ ಹೆಚ್ಚು ಹಣ ತೆರಬೇಕಿಲ್ಲ. ಓಕ್ ಪೀಪಾಯಿಯಲ್ಲಿ ಮಾಗುವಾಗ ಆವಿಯಾಗಿ ಹೋಗುವ ಅಂಶಕ್ಕೆ ‘ದೇವತೆಗಳ ಪಾಲು’ ಎಂದು ಹೆಸರು. ಸ್ಕಾಟ್ಲೆಂಡಿನ ತಂಪಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ. 2ರಷ್ಟಿದ್ದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಶೇ. 10ರ ಆಸುಪಾಸಿನಲ್ಲಿರುತ್ತದೆ, ವಿಸ್ಕಿಯೂ ಅಷ್ಟೇ ತ್ವರಿತವಾಗಿ ಮಾಗಿ ನಾಲ್ಕೈದು ವರ್ಷಗಳಲ್ಲೇ ಹದಕ್ಕೆ ಬರುತ್ತದೆ. ಸೀಸೆಗಿಳಿದ ವಿಸ್ಕಿ ಮತ್ತೆ ಮಾಗುವುದಿಲ್ಲ. ಮಲಗಿಸಿಟ್ಟರೆ ಮದ್ಯಸಾರವು ಕಾರ್ಕನ್ನು ಕೆಡಿಸುವುದರಿಂದ, ಸಂಗ್ರಾಹಕರು ಸೀಸೆಯನ್ನು ಬಿಸಿಲು ತಾಗದ ಕಡೆ ನಿಲ್ಲಿಸಿಯೇ ಇಡಬೇಕು.