ಪೇಟಿಯ ತಿದಿಗೆ ತೇಪೆ

ರಾಯಚೂರಿನ ಬೇಸಿಗೆ ಹಾಡುವವರಿಗಿಂತ ಅವರ ಪೇಟಿಗೇ ಹೆಚ್ಚು ಕಾಟ ಕೊಡುತ್ತದೆ. 40 ಡಿಗ್ರಿ ದಾಟಿದ ಒಣ ಬಿಸಿಲಿಗೆ ಹಾರ್ಮೋನಿಯಂನ ಹಲಗೆ ಬಿರಿಯುತ್ತದೆ, ತಿದಿಯ ಚರ್ಮ ಸೆಟೆದುಕೊಳ್ಳುತ್ತದೆ. ಇಲಿ, ಜಿರಲೆಗೆ ಹಳೆಯ ಅಂಟೇ ಊಟ. ಶ್ರಾವಣದ ಭಜನೆಗೆಂದು ಗುಡಿಯ ಪೇಟಿ ಕೆಳಗಿಳಿಸಿದರೆ ಸ್ವರಕ್ಕಿಂತ ಮೊದಲು ಬುಸ್ ಎಂಬ ಸದ್ದು ಬರುವುದು ಅದಕ್ಕೇ.

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಹರಿದಾಸರ ಸೀಮೆ, ಭಜನೆಯಲ್ಲಿ ಹಾಡುವುದು ಅವರ ಪದಗಳನ್ನೇ. ಆದರೆ ಚೀಕಲಪರ್ವಿಯ ವಿಜಯದಾಸರಾಗಲಿ, ಮಾನ್ವಿಯ ಜಗನ್ನಾಥದಾಸರಾಗಲಿ ಪೇಟಿ ಕಂಡವರಲ್ಲ. ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದದ್ದು 1842ರಲ್ಲಿ. ಕಾಲಲ್ಲಿ ತುಳಿಯುವ ಆ ವಾದ್ಯವನ್ನು ನೆಲದಲ್ಲಿ ಕೂತು ನುಡಿಸುವ ಕೈಪೇಟಿ ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. 1940ರಲ್ಲಿ ಆಕಾಶವಾಣಿ ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಭಜನೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು.

ಪೇಟಿಗೆ ತಿದಿ ಎರಡು. ಕೈಯಲ್ಲಿ ಒತ್ತುವ ಹೊರತಿದಿಯ ಗಾಳಿ ಕವಾಟ ದಾಟಿ ಒಳತಿದಿಗೆ ತುಂಬುತ್ತದೆ. ಅಲ್ಲಿಂದ ಸ್ಪ್ರಿಂಗ್ ಅದನ್ನು ಒಂದೇ ಸಮ ರೀಡುಗಳಿಗೆ ದಬ್ಬುತ್ತದೆ. ಸ್ಟಾಪರ್ ಎಲ್ಲ ಮುಚ್ಚಿ, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ ನೋಡಿ. ಗಟ್ಟಿಯಾಗಿ ಎದುರು ನಿಂತರೆ ಆರೋಗ್ಯ. ಕೈಯಡಿ ಕುಸಿದರೆ ಎಲ್ಲೋ ಸೋರಿಕೆ. ಹೊರತಿದಿಯ ಮಡಿಕೆಗಳ ಬಳಿ ಊದುಬತ್ತಿ ಹಿಡಿದರೆ ಹೊಗೆಯೇ ಜಾಗ ತೋರಿಸುತ್ತದೆ. ಹೆಚ್ಚಾಗಿ ಅದು ಮೂಲೆ. ಕೈಯಲ್ಲಿ ಹಿಡಿದು ತಿದಿ ಒತ್ತಿ ನುಡಿಸುವ ಇಂಗ್ಲೆಂಡಿನ ಹಳೆಯ ಕನ್ಸರ್ಟಿನಾಗಳದ್ದೂ ಇದೇ ಪಾಡು. ಅವುಗಳಲ್ಲಿ ಹೆಚ್ಚಿನವುಗಳ ಪ್ರತಿ ಮಡಿಕೆಗೂ ಆರು ಮೂಲೆ, ದುರಸ್ತಿಯವರ ಗೋಳು ಕೇಳುವುದೇ ಬೇಡ.

ಮೂಲೆಯ ತೇಪೆಗೆ ತೆಳ್ಳನೆಯ ಕುರಿಚರ್ಮ ಬೇಕು. ಅದರ ಅಂಚನ್ನು ಕಾಗದದಷ್ಟು ಹೆರೆಯದೆ ಅಂಟಿಸಿದರೆ ಮಡಿಕೆಗಳ ನಡುವೆ ದಪ್ಪ ಸೇರಿ ತಿದಿ ಪೂರ್ತಿ ಮುಚ್ಚುವುದಿಲ್ಲ. ಅಂಟಿನ ವಿಷಯದಲ್ಲಿ ನಾನು ಹಳಬ. ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ವಜ್ರ ಎಂಬ ಚರ್ಮದಂಟು ಬಿಸಿ, ತೇವ ತಾಗಿಸಿದರೆ ಬಿಡುತ್ತದೆ, ಮುಂದಿನ ರಿಪೇರಿಗೆ ದಾರಿ ಉಳಿಯುತ್ತದೆ. ಫೆವಿಕಾಲ್ ಕೀಳಹೋದರೆ ಮಡಿಕೆಯ ರಟ್ಟೂ ಜೊತೆಗೆ ಬರುತ್ತದೆ. ಜಿರಲೆಗೆ ವಜ್ರ ಪ್ರಿಯ ಎಂಬುದನ್ನು ಮಾತ್ರ ಒಪ್ಪಬೇಕು.

ಮೂಲೆ ಹರಿದದ್ದಕ್ಕೆಲ್ಲ ಹೊಸ ತಿದಿ ಹಾಕಿಸುವುದು ದುಂದು. ರಟ್ಟೇ ಮೆತ್ತಗಾಗಿ ಮಡಿಕೆ ಜೋಲುತ್ತಿದ್ದರೆ ಬೇರೆ ದಾರಿಯಿಲ್ಲ. ಆಗಲೂ ಹಳೆಯದನ್ನು ಎಸೆಯಬಾರದು: ಮಡಿಕೆ ಎಷ್ಟು, ಅಗಲ ಎಷ್ಟು ಎಂಬ ಅಳತೆ ಸಿಗುವುದು ಅದರಲ್ಲೇ. ಹೊಸ ತಿದಿ ಮೊದಮೊದಲು ಬಿಗಿ. ರಾತ್ರಿಯಿಡೀ ನಡೆಯುವ ಭಜನೆಗೆ ಒಯ್ಯುವ ಮುನ್ನ ಕೆಲವು ದಿನ ಮನೆಯಲ್ಲೇ ನುಡಿಸಿ ಪಳಗಿಸಬೇಕು.